ಬೇಕರಿ ವ್ಯಾನಿಗೆ ವೈರಿಲ್ಲದ ಸ್ಪೀಕರು

ಟಿ. ನರಸೀಪುರದ ಅಂಗಡಿಯಲ್ಲಿ ಸಿದ್ದರಾಜು ಮೇಜಿನ ಮೇಲೆ ತಂದಿಟ್ಟ ಸ್ಪೀಕರು ನಮ್ಮ ಮನೆಯಲ್ಲಿ ಅಕ್ಕಿ ಅಳೆಯುವ ಸೇರಿಗಿಂತ ಚಿಕ್ಕದಿತ್ತು. ಹಿಂದೆ ಮುಂದೆ ತಿರುಗಿಸಿ ನೋಡಿದೆ. ಎಲ್ಲೂ ಒಂದು ವೈರಿಲ್ಲ. "ವೈರೆಲ್ಲಿ?" ಎಂಬ ಮಾತು ಬಾಯಿಯ ತನಕ ಬಂದದ್ದನ್ನು ನುಂಗಿಕೊಂಡೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟವಳು ನಾನು, ಬ್ಲೂಟೂತ್ ಎಂದರೇನೆಂದು ತಿಳಿಯದ ಮುದುಕಿಯೇನಲ್ಲ. ಆದರೆ ಮನಸ್ಸು ಅಷ್ಟು ಹೊತ್ತಿಗಾಗಲೇ ನರಸೀಪುರ ಬಿಟ್ಟು ಹುಲ್ಲಹಳ್ಳಿ ಸೇರಿಬಿಟ್ಟಿತ್ತು. ಅಲ್ಲಿ ನಮ್ಮಪ್ಪ ಎತ್ತಿನಗಾಡಿಯ ತುಂಬ ಮೈಕ್ ಸೆಟ್ ಹೇರಿಕೊಂಡು ಯಾವುದೋ ಮದುವೆಗೆ ಹೊರಟಿದ್ದರು.

ನಿಮ್ಮಲ್ಲಿ ಎಷ್ಟು ಜನಕ್ಕೆ ಮೈಕ್ ಸೆಟ್ಟಿನವರ ನೆನಪಿದೆಯೋ ಕಾಣೆ. ಮದುವೆ, ಆರತಿ ಶಾಸ್ತ್ರ, ನಾಟಕ, ಏನೇ ಇರಲಿ, ಹಿಂದಿನ ದಿನವೇ ಅಪ್ಪನ ಗಾಡಿ ಆ ಊರು ಮುಟ್ಟಬೇಕು. ಗಾಡಿಯಲ್ಲಿ ಉಮ್ಮತ್ತಿ ಹೂವಿನ ಆಕಾರದ ಎರಡು ಅಲ್ಯೂಮಿನಿಯಂ ಹಾರ್ನ್, ಒಂದು ಆಂಪ್ಲಿಫೈಯರ್ ಪೆಟ್ಟಿಗೆ, ಬ್ಯಾಟರಿ, ಹಳೆಯ ಸೀರೆಯಲ್ಲಿ ಸುತ್ತಿದ ರೆಕಾರ್ಡುಗಳು, ಎಲ್ಲದರ ಮೇಲೆ ವೈರಿನ ಸುರುಳಿಗಳು. ಮೈಕ್ ಸೆಟ್ ಎಂದರೆ ಮುಕ್ಕಾಲು ಪಾಲು ವೈರೇ. ತೆಂಗಿನ ಮರದಿಂದ ಬೇವಿನ ಮರಕ್ಕೆ, ಬೇವಿನ ಮರದಿಂದ ಯಾರದೋ ಹೆಂಚಿನ ಮನೆಯ ತೊಲೆಗೆ ಅದು ಹೋಗುತ್ತಿತ್ತು. ಮದುವೆ ಮುಗಿದ ಮೇಲೆ ಅದನ್ನೆಲ್ಲ ಬಿಚ್ಚಿ ಸುತ್ತುವ ಕೆಲಸ ಅವ್ವನದು. ಹೆಬ್ಬೆರಳಿನಿಂದ ಮೊಣಕೈಗೆ, ಮೊಣಕೈಯಿಂದ ಹೆಬ್ಬೆರಳಿಗೆ ಸುತ್ತುತ್ತ, ಸಿಕ್ಕು ಬಿದ್ದಲ್ಲಿ ನಿಂತು ಬಿಡಿಸುತ್ತ ಅವಳು ಊರಿನ ಉದ್ದಕ್ಕೂ ನಡೆಯುತ್ತಿದ್ದಳು. ನನ್ನ ಜಡೆಯ ಸಿಕ್ಕನ್ನೂ ಅದೇ ಕೈ ಬಿಡಿಸುತ್ತಿತ್ತು. ವೈರಿಗೆ ಸಿಗುತ್ತಿದ್ದ ಮರ್ಯಾದೆ ಮಾತ್ರ ಜಡೆಗೆ ಸಿಗುತ್ತಿರಲಿಲ್ಲ.

ಅಪ್ಪನದೊಂದು ಕಟ್ಟುನಿಟ್ಟು ಇತ್ತು. ಹಾರ್ನ್ ಕಟ್ಟುವ ಮೊದಲು ಆ ಬೀದಿಯ ಒಂದೊಂದೇ ಮನೆಗೆ ಹೋಗಿ ವಿಚಾರಿಸುವುದು. ಎಳೆಗೂಸಿದೆಯೇ? ಕಾಯಿಲೆಯವರು ಮಲಗಿದ್ದಾರೆಯೇ? ಸೂತಕವೇನಾದರೂ ಇದೆಯೇ? ಹೌದು ಎಂದರೆ ಹಾರ್ನಿನ ಬಾಯಿ ಆ ಮನೆಯ ಕಡೆಗೆ ತಿರುಗುತ್ತಿರಲಿಲ್ಲ. ಮದುವೆ ಮನೆಯ ಯಜಮಾನರು ಮೀಸೆ ತಿರುವಿದರೂ ಅಷ್ಟೇ. ಬೇರೆ ಮೈಕ್ ಸೆಟ್ ನೋಡಿಕೊಳ್ಳಿ ಎಂದು ಗಾಡಿ ತಿರುಗಿಸಿದ್ದೂ ಉಂಟು.

ಆಮೇಲೆ ಟೆಸ್ಟಿಂಗು. ಅಪ್ಪ ಪೆಟ್ಟಿಗೆಯ ಮುಂದೆ ಕೂತು ಹಲೋ ಹಲೋ ಎನ್ನುವರು. ಅವ್ವ ಬೀದಿಯ ಆ ತುದಿಗೆ, ಅಪ್ಪನ ಕಣ್ಣಿಗೆ ಕಾಣುವಷ್ಟು ದೂರ ಹೋಗಿ ನಿಲ್ಲುವಳು. ಅಂಗೈ ಮೇಲೆ ಮಾಡಿ ಎತ್ತಿದರೆ ಸೌಂಡು ಏರಬೇಕು, ಅಂಗೈ ಕೆಳಗೆ ಮಾಡಿ ಒತ್ತಿದರೆ ಇಳಿಯಬೇಕು. ಸರಿಯಾಯಿತು ಅನ್ನಿಸಿದಾಗ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ವಾಪಸು ನಡೆದು ಬರುವಳು. ಯಾರದಾದರೂ ಜಗಲಿಯ ಮೇಲೆ ಕೂತು ಇದನ್ನು ನೋಡುತ್ತಿದ್ದ ನಾನು, ಊರ ಮುಂದೆ ಗಂಡನನ್ನು ಕುಣಿಸುವ ಚಪಲ ನಮ್ಮವ್ವನಿಗೆ ಎಂದುಕೊಳ್ಳುತ್ತಿದ್ದೆ. ನಾಚಿಕೆಯೂ ಆಗುತ್ತಿತ್ತು. ಈ ಮಾತನ್ನು ನೆನಪಿಟ್ಟುಕೊಂಡಿರಿ, ನನ್ನ ದಡ್ಡತನಕ್ಕೆ ಸಾಕ್ಷಿ ಮುಂದೆ ಬೇಕಾಗುತ್ತದೆ.

ಈಗ ವ್ಯಾನಿನ ವಿಷಯ. ನಮ್ಮದು ಕ್ಯಾಂಪರ್ ವ್ಯಾನು ಎಂದು ಹೇಳಿಕೊಳ್ಳಲು ಸ್ವಲ್ಪ ಸಂಕೋಚ. ಮೊದಲು ಅದು ಮೈಸೂರಿನ ಯಾವುದೋ ಬೇಕರಿಗೆ ಬನ್ನು, ಬ್ರೆಡ್ಡು ಸಾಗಿಸುತ್ತಿತ್ತು. ಅದನ್ನು ಕೊಂಡು, ಒಳಗೆ ಒಂದು ಮಂಚ, ಒಂದು ಗ್ಯಾಸ್ ಒಲೆ, ನೀರಿನ ಕ್ಯಾನು, ಕಿಟಕಿಗೆ ಪರದೆ ಹಾಕಿಸಿದೆವು. ಬಿಸಿಲೇರಿದರೆ ಇವತ್ತಿಗೂ ಒಳಗೆ ಬನ್ನಿನ ವಾಸನೆ ಏಳುತ್ತದೆ. ಜನ ಇಂಥ ಗಾಡಿಯಲ್ಲಿ ಲಡಾಖಿಗೆ ಹೋಗುತ್ತಾರಂತೆ. ನಾವು ನಂಜನಗೂಡು ಬಿಟ್ಟು ಕಳಲೆಗೆ ಹೋಗುತ್ತೇವೆ. ಧೈರ್ಯ ಜಾಸ್ತಿಯಾದ ದಿನ ಸೋಸಲೆಯ ತನಕ ಹೋಗಿ, ಕಾವೇರಿ ದಂಡೆಯಲ್ಲಿ ಕಾಫಿ ಕಾಯಿಸಿಕೊಂಡು ಕುಡಿದು, ಹುಳಿಯನ್ನ ತಿಂದು, ಸಂಜೆಗೆ ಮನೆ ಸೇರುತ್ತೇವೆ.

ಇದೆಲ್ಲ ಅವ್ವನಿಗೋಸ್ಕರ. ಎಂಬತ್ತನಾಲ್ಕರ ಅವ್ವ ನಮ್ಮ ಜೊತೆಯಲ್ಲೇ ಇದ್ದಾಳೆ. ಸೊಂಟದ ಮೂಳೆ ಮುರಿದ ಮೇಲೆ ಬಸ್ಸು ಹತ್ತಲಾರಳು, ಕಾರಿನಲ್ಲಿ ಕಾಲು ಗಂಟೆ ಕೂತರೆ ನೋವು. ಮಲಗಿಕೊಂಡು ಹೋಗಬಹುದಾದ ಗಾಡಿ ಬೇಕಿತ್ತು. ಊರೂರು ತಿರುಗಿದ ಹೆಂಗಸು ಎರಡು ವರ್ಷ ನಮ್ಮ ಮನೆಯ ಕಿಟಕಿಯೊಂದನ್ನೇ ನೋಡುತ್ತ ಕೂತದ್ದನ್ನು ಕಂಡವಳು ನಾನು. ಮೊದಲ ಸಲ ವ್ಯಾನಿನ ಮಂಚದ ಮೇಲೆ ಮಲಗಿಸಿ ಪರದೆ ಸರಿಸಿದಾಗ, ನಾಲೆ ಏರಿಯ ಗದ್ದೆಗಳನ್ನು ಅವಳು ಕಣ್ತುಂಬ ನೋಡಿದಳು. ನನ್ನ ಬೆನ್ನ ಮೇಲೆ ಕೈಯಿಟ್ಟಳು, ಅಷ್ಟೇ.

ಗಾಡಿ ಓಡಿಸುವುದು ನಾನು. ನಮ್ಮ ಮನೆಯವರು ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿದ್ದವರು. ಯಾವ ಬಸ್ಸು ಎಲ್ಲಿಗೆ, ಎಷ್ಟು ಗಂಟೆಗೆ ಎಂದು ಮೈಕಿನಲ್ಲಿ ಕೂಗಿ ಕೂಗಿ ರಿಟೈರಾದರೇ ಹೊರತು ಸ್ಟೀರಿಂಗ್ ಮುಟ್ಟಿದವರಲ್ಲ. ಈಗಲೂ ಮನೆಯಲ್ಲಿ ಊಟಕ್ಕೆ ಕರೆಯುವಾಗ ನಾಲ್ಕನೇ ಪ್ಲಾಟ್‌ಫಾರಂ ಎಂಬುದೊಂದು ಬಾಕಿ. ವ್ಯಾನಿನಲ್ಲಿ ನನ್ನ ಎಡಕ್ಕೆ ಕೂತು, ಡ್ಯಾಶ್‌ಬೋರ್ಡಿನ ಮೇಲೆ ಎರಡು ಬೆರಳಿನಿಂದ ಆಗಾಗ ತಟ್ಟುತ್ತಿರುತ್ತಾರೆ. ಆ ಬೆರಳು ಅಲ್ಲಾಡಿದಾಗಲೆಲ್ಲ ನನಗೆ ಕಿರಿಕಿರಿ. ಆ ಕಡೆ ದುರುಗುಟ್ಟಿ ನೋಡುತ್ತೇನೆ. ಅವರು ಬೆರಳು ಮಡಚಿಕೊಂಡು ಏನೂ ಆಗದವರಂತೆ ರಸ್ತೆ ನೋಡುತ್ತಾರೆ.

ಇನ್ನು ನಾನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದ ಗುಟ್ಟು. ನನಗೆ ಕಿವಿ ಮಂದವಾಗಿತ್ತು. ಪೂರ್ತಿ ಅಲ್ಲ. ದಪ್ಪ ಶಬ್ದಗಳು ಬರುತ್ತಿದ್ದವು, ಸಣ್ಣವು ಬರುತ್ತಿರಲಿಲ್ಲ. ಮೊದಲು ಹೋದದ್ದು ಕುಕ್ಕರಿನ ವಿಶಲ್ಲು. ಎರಡು ಸಲ ಬೇಳೆ ಸೀದಮೇಲೆ ಗಡಿಯಾರ ನೋಡಿ ಒಲೆ ಆರಿಸುವ ಅಭ್ಯಾಸ ಮಾಡಿಕೊಂಡೆ. ಫೋನಿನಲ್ಲಿ ಮಾತು ತಿಳಿಯದಿದ್ದರೆ "ಹೂಂ, ಆಮೇಲೆ?" ಎನ್ನುವುದು, ನಾಲ್ಕು ಜನ ನಕ್ಕಾಗ ಐದನೆಯವಳಾಗಿ ನಗುವುದು. ಹೀಗೆ ಒಂದು ಸಲ ಒಬ್ಬರ ಸಾವಿನ ಸುದ್ದಿಗೆ "ಒಳ್ಳೇದಾಯ್ತು ಬಿಡಿ" ಅಂದಿದ್ದೇನೆ.

ಯಾಕೆ ಬಚ್ಚಿಟ್ಟೆ ಎಂದು ನೀವು ಕೇಳಬಹುದು. ಮೈಕ್ ಸೆಟ್ಟಿನವರ ಮಗಳಿಗೆ ಕಿವುಡು ಎನ್ನಿಸಿಕೊಳ್ಳುವ ಅವಮಾನ ಒಂದು. ಆದರೆ ನಿಜವಾದ ಭಯ ಬೇರೆ ಇತ್ತು. ಕಿವಿ ಕೇಳದವಳ ಕೈಗೆ ಗಾಡಿಯ ಕೀಲಿ ಯಾರು ಕೊಡುತ್ತಾರೆ? ನಾನು ಓಡಿಸದಿದ್ದರೆ ವ್ಯಾನು ಅಂಗಳದಲ್ಲಿ ನಿಲ್ಲುತ್ತದೆ, ಅವ್ವ ಮತ್ತೆ ಕಿಟಕಿಗೆ ಹೋಗುತ್ತಾಳೆ. ತಪ್ಪು ಮಾಡುತ್ತಿದ್ದೇನೆ ಎಂದು ಗೊತ್ತಿತ್ತು. ಇನ್ನೊಂದು ವಾರ, ಇನ್ನೊಂದು ವಾರ ಎಂದು ತಳ್ಳುತ್ತಿದ್ದೆ.

ಅಂಥ ಹೊತ್ತಿನಲ್ಲಿ ಅವ್ವನಿಗೆ ವ್ಯಾನಿನಲ್ಲಿ ತತ್ವಪದ ಕೇಳುವ ಆಸೆಯಾಯಿತು. ಗಾಡಿಯಲ್ಲಿದ್ದ ಹಳೆಯ ರೇಡಿಯೋ ಬನ್ನಿನ ಕಾಲದಲ್ಲೇ ಸತ್ತಿತ್ತು. ಆದ್ದರಿಂದ ಸಿದ್ದರಾಜುವಿನ ಅಂಗಡಿಗೆ ಬಂದದ್ದು. ಐವತ್ತರ ಆಸುಪಾಸಿನ ಸಿದ್ದರಾಜುವಿನ ಮದುವೆಗೆ ನಮ್ಮಪ್ಪನದೇ ಮೈಕ್ ಸೆಟ್. ಹಾಗಾಗಿ ನನ್ನ ಮೇಲೆ ಅವನಿಗೆ ಇಲ್ಲದ ಗೌರವ. ಒಂದರ ಪಕ್ಕ ಒಂದರಂತೆ ಮೂರು ಬಗೆ ಜೋಡಿಸಿದ. ಮೊದಲನೆಯದು ಸೇರಿನಂಥ ಸ್ಪೀಕರುಗಳ ಜೋಡಿ, ಎಲ್ಲಿ ಬೇಕಾದರೂ ಎತ್ತಿಟ್ಟುಕೊಳ್ಳಬಹುದು. ಇನ್ನೊಂದು ಉದ್ದನೆಯ ಪಟ್ಟಿ, ಕಿಟಕಿಯ ಮೇಲೆ ಸ್ಕ್ರೂ ಹಾಕಿ ಕೂರಿಸಬೇಕು. ಮೂರನೆಯದು ನಗಾರಿಯಂಥ ಡಬ್ಬ, ಸೀಟಿನ ಕೆಳಗೆ ಇಡುವುದು. ಮೂರನ್ನೂ ಒಂದೊಂದಾಗಿ ವ್ಯಾನಿನಲ್ಲಿಟ್ಟು, ಒಂದೇ ವಾಲಗದ ತುಣುಕನ್ನು ಮೂರರಲ್ಲೂ ಹಾಕಿ, ಕೈಕಟ್ಟಿ ನಿಂತ.

"ನೀವೇ ಯೋಳ್ಬೇಕು ಮೇಡಂ. ಮೈಕ್ ಸೆಟ್ ಮನೇವ್ರ ಕಿವಿ ಮುಂದೆ ನಾನೇನ್ ಯೋಳ್ಲಿ?"

ಎಲ್ಲರೂ ನನ್ನ ಮುಖ ನೋಡಿದರು. ನಾನು ಕಣ್ಣು ಮುಚ್ಚಿ, ತಲೆ ಓರೆ ಮಾಡಿ, ದೊಡ್ಡ ವಿದುಷಿಯಂತೆ ಕೇಳಿದೆ. ಮೊದಲನೆಯ ಜೋಡಿಯಲ್ಲಿ ನನಗೆ ಬಂದದ್ದು ಡೋಲಿನ ಪುಟ್ಟ ಪೆಟ್ಟುಗಳು ಮಾತ್ರ, ನಾಗಸ್ವರ ಎಲ್ಲೋ ಪಕ್ಕದೂರಿನಲ್ಲಿ. ಪಟ್ಟಿಯೂ ಅಷ್ಟೆ. ನಗಾರಿ ಡಬ್ಬ ಬಾರಿಸಿದಾಗ ಸೀಟು ಅದುರಿತು, ಎದೆ ಗುದ್ದಿತು. ಕಿವಿಗೆ ಬಾರದ್ದು ಬೆನ್ನಿಗೆ ಬಂತು. ನಾನು ಕಣ್ಣು ಬಿಟ್ಟು ಇದೇ ಸರಿ ಎಂದೆ. ಸಿದ್ದರಾಜುವಿನ ಹುಬ್ಬು ಸ್ವಲ್ಪ ಮೇಲೇರಿತು. ಮನೆಯವರು ನನ್ನ ಮುಖ ಒಮ್ಮೆ ನೋಡಿ ದುಡ್ಡು ಎಣಿಸಿದರು. ಅವ್ವ ಮಂಚದ ಮೇಲಿಂದ ನನ್ನನ್ನೇ ನೋಡುತ್ತಿದ್ದಳು.

ಅಲ್ಲಿಂದ ನೇರ ಸೋಸಲೆಗೆ ಹೊಡೆದೆ. ಹೊಳೆಯ ದಂಡೆಯಲ್ಲಿ ಒಂದು ಹೊಂಗೆಮರ, ಅದರಾಚೆ ಒಂದೇ ಒಂದು ಸಣ್ಣ ಮನೆ. ಮರದ ನೆರಳಿಗೆ ಗಾಡಿ ನಿಲ್ಲಿಸಿ, ಹಿಂದಿನ ಬಾಗಿಲು ತೆರೆದು, ಅವ್ವನಿಗೆ ಹೊಳೆ ಕಾಣುವಂತೆ ದಿಂಬು ಎತ್ತರಿಸಿ, ತತ್ವಪದ ಹಾಕಿದೆ. ಏಕತಾರಿ ಕೇಳಿಸಲಿಲ್ಲ. ಏರಿಸಿದೆ. ಇನ್ನೂ ಏರಿಸಿದೆ. ಹಾಡುವವನ ದನಿ ನನಗೆ ಸ್ಪಷ್ಟವಾಗುವ ಹೊತ್ತಿಗೆ ಹೊಂಗೆಮರದ ಹಕ್ಕಿಗಳೆಲ್ಲ ಆಚೆ ದಡಕ್ಕೆ ಹೋಗಿದ್ದವು. ಕಬ್ಬಿನ ಗದ್ದೆಯಿಂದ ಒಬ್ಬರು ಕುಡುಗೋಲು ಹಿಡಿದೇ ಬಂದು, ಯಾವ ಪಕ್ಷದ ಪ್ರಚಾರ ಎಂದು ಮನೆಯವರನ್ನು ವಿಚಾರಿಸಿದರಂತೆ. ನಾನು ತಾಳಕ್ಕೆ ತಲೆ ಹಾಕುತ್ತ ಕಾಫಿ ಕಾಯಿಸುತ್ತಿದ್ದೆ.

ಯಾರೋ ಭುಜ ಮುಟ್ಟಿದಂತಾಗಿ ತಿರುಗಿದೆ. ಆ ಸಣ್ಣ ಮನೆಯ ಹೆಂಗಸು. ಇಪ್ಪತ್ತೈದರ ಒಳಗಿನ ವಯಸ್ಸು, ತಲೆಗೆ ಬಾಣಂತಿಯ ಬಟ್ಟೆ ಕಟ್ಟಿಕೊಂಡಿದ್ದಳು. ಎಷ್ಟು ಹೊತ್ತಿನಿಂದ ಕೂಗುತ್ತಿದ್ದಳೋ. ಮನೆಯವರು ಓಡಿಬಂದು ಹಾಡು ನಿಲ್ಲಿಸಿದರು.

"ಅಮ್ಮಾರೆ, ಮಗೀಗೆ ಮೂರ್ ದಿನದಿಂದ ಜರ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಈಗ್ತಾನೆ ಕಣ್ ಮುಚ್ಚಿತ್ತು. ವಸಿ ಕಡ್ಮೆ ಮಾಡೀರಾ?"

ಆ ಹೊತ್ತಿಗೆ ಮನೆಯೊಳಗೆ ಮಗು ಅಳುತ್ತಿತ್ತಂತೆ. ನನಗೆ ಅದೂ ಕೇಳಿಸಲಿಲ್ಲ. ಅವಳ ಮುಖ ಆ ಕಡೆ ತಿರುಗಿದ್ದನ್ನು ನೋಡಿ ತಿಳಿದುಕೊಂಡೆ. ಅಪ್ಪ ಗಾಡಿಯಿಂದ ಇಳಿದ ಕೂಡಲೇ ಮಾಡುತ್ತಿದ್ದ ಮೊದಲ ಕೆಲಸ ಯಾವುದೋ ಅದನ್ನೇ ಮರೆತಿದ್ದೆ. ಇದ್ದದ್ದು ಒಂದೇ ಮನೆ. ಹತ್ತು ಹೆಜ್ಜೆ ನಡೆದು ಒಂದು ಮಾತು ವಿಚಾರಿಸಲು ನನ್ನಿಂದಾಗಿರಲಿಲ್ಲ. ಎಳೆಗೂಸಿನ ತಾಯಿ ಬೆನ್ನ ಹಿಂದೆಯೇ ನಿಂತು ಕೂಗಿದರೂ ಕೇಳದಷ್ಟು ಜೋರಾಗಿ ಹಚ್ಚಿಕೊಂಡು ಕೂತಿದ್ದೆ. ಕ್ಷಮಿಸು ತಾಯಿ ಎಂದು ಅವಳ ಕೈ ಹಿಡಿದುಕೊಂಡೆ. ಅವಳು ಹೋದ ಮೇಲೆ ವ್ಯಾನಿನ ಮೆಟ್ಟಿಲ ಮೇಲೆ ಕುಸಿದು ಕೂತು ಅತ್ತುಬಿಟ್ಟೆ. ಕಿವಿ ಹೋಗಿದೆ, ಒಂದು ವರ್ಷವಾಯಿತು, ಎಂದೆ. ಕೀಲಿಯನ್ನು ಸೊಂಟದಿಂದ ತೆಗೆದು ಮನೆಯವರ ಕೈಗೆ ಕೊಟ್ಟೆ.

ಅವರು ಕೀಲಿ ತೆಗೆದುಕೊಳ್ಳಲಿಲ್ಲ. ಪಕ್ಕದಲ್ಲಿ ಕೂತರು. ನನಗೆ ಕೇಳಿಸುವ ದಪ್ಪ ದನಿಯಲ್ಲಿ, ಬಸ್ಸು ಕೂಗುವ ಅದೇ ದನಿಯಲ್ಲಿ, ಆದರೆ ಮೆತ್ತಗೆ ಹೇಳಿದರು. "ಗೊತ್ತು ಕಣೇ. ಹಿಂದ್ಗಡೆ ಲಾರಿ ಕೀಂ ಅಂತ ಹಾರ್ನ್ ಹೊಡ್ದಾಗ್ಲೆಲ್ಲ ನಾನು ಯಾಕೆ ಬೆರಳು ತಟ್ತಿದ್ದೆ ಅಂದ್ಕೊಂಡೆ?"

ಆಮೇಲೆ ಒಂದೊಂದೇ ನೆನಪಾಯಿತು. ಬೆರಳು ಅಲ್ಲಾಡಿದಾಗ ನಾನು ಸಿಟ್ಟಿನಿಂದ ಎಡಕ್ಕೆ ನೋಡುತ್ತಿದ್ದೆ. ನೋಡಿದ ಕಣ್ಣು ಆ ಕಡೆಯ ಕನ್ನಡಿಯ ಮೇಲೂ ಹಾಯುತ್ತಿತ್ತು, ಕನ್ನಡಿಯಲ್ಲಿ ಲಾರಿ ಕಾಣುತ್ತಿತ್ತು, ನಾನು ದಾರಿ ಬಿಡುತ್ತಿದ್ದೆ. ಒಂದು ವರ್ಷ ಆ ಮನುಷ್ಯ ನನ್ನ ಕೆಂಗಣ್ಣನ್ನು ಸಹಿಸಿಕೊಂಡು ನನಗೆ ಕಿವಿಯಾಗಿ ಕೂತಿದ್ದರು. ನನ್ನನ್ನು ನಾನು ಜಾಣೆ ಎಂದುಕೊಂಡಿದ್ದೆ.

ಮಂಚದ ಮೇಲಿಂದ ಅವ್ವ ಕೆಮ್ಮಿದಳು. "ಸರಿಯಾದ್ ಗಂಡನ್ನೇ ನೋಡೀವ್ನಿ ಬುಡು," ಎಂದು ಅಳಿಯನ ಲೆಕ್ಕವನ್ನು ಮೊದಲು ತನ್ನ ಹೆಸರಿಗೆ ಬರೆದುಕೊಂಡಳು. ಆಮೇಲೆ ಹೊಳೆ ನೋಡುತ್ತ ಹೇಳಿದಳು. "ನಿಮ್ಮಪ್ಪಂಗೂ ಕಿವಿ ಓಗಿತ್ತು ಕಣವ್ವ. ಆರ್ನ್ ಕೆಳ್ಗೇ ಕೂತು ಕೂತು, ನೀನು ಉಟ್ಟೋಕ್ ಮುಂಚೇನೆ. ಅವ್ರೂ ಯೋಳ್ನಿಲ್ಲ, ನಾನೂ ಯೋಳ್ನಿಲ್ಲ. ಬೀದಿ ಕೊನೇಲಿ ನಿಂತ್ಕೊಂಡು ಕೈ ಎತ್ತುತಿದ್ದೆ, ಅಷ್ಟೇಯ."

ಹೊಂಗೆಮರದ ಕೆಳಗೆ ಕೂತು ನಾನು ನಮ್ಮಪ್ಪನ ಜೀವಮಾನವನ್ನೆಲ್ಲ ಮತ್ತೆ ಮೊದಲಿನಿಂದ ನೋಡಬೇಕಾಯಿತು. ಪೆಟ್ಟಿಗೆಯ ಮುಂದೆ ಕೂತ ಅಪ್ಪ ದೂರದಲ್ಲಿದ್ದ ಆ ಕೈಯನ್ನು ಎವೆಯಿಕ್ಕದೆ ನೋಡುತ್ತಿದ್ದುದು, ಸೆರಗು ಸೊಂಟಕ್ಕೆ ಹೋದಾಗ ಉಸಿರು ಬಿಟ್ಟು ಗುಂಡಿಯಿಂದ ಕೈ ತೆಗೆಯುತ್ತಿದ್ದುದು. ಮನೆ ಮನೆಗೆ ಹೋಗಿ ಎಳೆಗೂಸಿದೆಯೇ ಎಂದು ವಿಚಾರಿಸುತ್ತಿದ್ದುದು ಕೂಡ. ತನಗೆ ಕೇಳಿಸದ ಅಳು ಯಾವ ಮನೆಯಲ್ಲಿದೆ ಎಂದು ಅವರು ಬೇರೆ ಹೇಗೆ ತಿಳಿಯಬೇಕಿತ್ತು? ಸುತ್ತಲ ಊರುಗಳೆಲ್ಲ ನಮ್ಮಪ್ಪನ ಮೈಕ್ ಸೆಟ್ ಹದವಾಗಿ ಕೇಳುತ್ತದೆ ಎಂದು ಹೊಗಳುತ್ತಿದ್ದವು. ಆ ಹದವೆಲ್ಲ ಅವ್ವನ ಅಂಗೈಯಲ್ಲಿತ್ತು. ಅವಳ ಕೈ ಹಿಡಿದುಕೊಂಡೆ. ವೈರು ಸುತ್ತಿ ಸುತ್ತಿ ಹೆಬ್ಬೆರಳಿನ ಬುಡದಲ್ಲಿ ಆದ ಗೀರು ಇನ್ನೂ ಹಾಗೇ ಇತ್ತು.

ಆ ದಿನ ಬೆರಳಿನ ಸಹಾಯದಲ್ಲೇ ನಿಧಾನವಾಗಿ ಮನೆ ಸೇರಿದೆವು. ಮರುದಿನವೇ ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿದರು. ಕಿವಿಯ ಹಿಂದೆ ಹುಣಿಸೆ ಬೀಜದಷ್ಟು ದೊಡ್ಡ ಯಂತ್ರವೊಂದು ಬಂತು. ಅದನ್ನು ಹಾಕಿಕೊಂಡರೆ ಗಾಡಿ ಓಡಿಸಲು ಅಡ್ಡಿಯಿಲ್ಲ, ಕನ್ನಡಿ ನೋಡುವುದು ಬಿಡಬೇಡಿ ಎಂದರು. ಬೀದಿಗೆ ಬಂದಾಗ ನನ್ನ ಸೀರೆಯ ಸರಸರ ಕೇಳಿ ಯಾರೋ ಹಿಂದೆ ಬರುತ್ತಿದ್ದಾರೆಂದು ಎರಡು ಸಲ ತಿರುಗಿ ನೋಡಿದೆ. ಮನೆಯಲ್ಲಿ ಕುಕ್ಕರು ಕೂಗಿದಾಗ ಬೆಚ್ಚಿಬಿದ್ದು, ಆಮೇಲೆ ಅದರ ಮುಂದೆ ನಿಂತು ಮೂರೂ ವಿಶಲ್ಲುಗಳನ್ನು ಕೇಳಿದೆ. ಮನೆಯವರು ಗೊರಕೆ ಹೊಡೆಯುತ್ತಾರೆ ಎಂಬುದು ಮತ್ತೆ ಗೊತ್ತಾಯಿತು. ಅದಕ್ಕೂ ಸಂತೋಷವೇ ಆಯಿತು ಎಂದರೆ ನೀವು ನಂಬಬೇಕು.

ನಗಾರಿ ಡಬ್ಬ ವಾಪಸು ಕೊಡಲು ಹೋದಾಗ ಸಿದ್ದರಾಜುವಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವನು ನಗಲಿಲ್ಲ. ಸೇರಿನಂಥ ಜೋಡಿಯನ್ನು ಹೊರಗೆ ತೆಗೆದು, ಇದನ್ನೇ ಆರಿಸುತ್ತೀರಿ ಎಂದು ಅವತ್ತೇ ಅಂದುಕೊಂಡಿದ್ದೆ ಎಂದ. ಒಂದನ್ನು ಡ್ಯಾಶ್‌ಬೋರ್ಡಿನ ಮೇಲೆ, ಇನ್ನೊಂದನ್ನು ಅವ್ವನ ಮಂಚದ ತಲೆದೆಸೆಯಲ್ಲಿ ಇಟ್ಟೆವು. ಅದೇ ವಾಲಗದ ತುಣುಕು ಹಾಕಿದ. ಎಷ್ಟೋ ಕಾಲದ ಮೇಲೆ ನಾಗಸ್ವರ ಪೂರ್ತಿಯಾಗಿ, ಉಸಿರು ತೆಗೆದುಕೊಳ್ಳುವ ಸದ್ದಿನ ಸಮೇತ ಒಳಗೆ ಬಂತು. ಹೌದು, ಇದೇ, ಎಂದು ಈ ಸಲ ಕಣ್ಣು ಮುಚ್ಚದೆ ಹೇಳಿದೆ.

ಮೊನ್ನೆ ಮತ್ತೆ ಸೋಸಲೆಗೆ ಹೋಗಿದ್ದೆವು. ಗಾಡಿ ನಿಲ್ಲಿಸಿದವಳೇ ಮೊದಲು ಆ ಮನೆಗೆ ನಡೆದೆ. ಮಗು ಹುಷಾರಾಗಿತ್ತು. ಅದರ ತಾಯಿ ನನ್ನನ್ನು ಗುರುತು ಹಿಡಿದು, ಕೂಸನ್ನು ನನ್ನ ತೊಡೆಗೆ ಕೊಟ್ಟು, ಮೆಲ್ಲಗೆ ಹಾಕಿದರೆ ನಾವೂ ಕೇಳುತ್ತೇವೆ ಎಂದಳು. ನಾನು ಬಂದು ತತ್ವಪದ ಹಾಕಿದೆ. ಏಕತಾರಿಯ ಒಂದೊಂದು ಮೀಟೂ ಕೇಳುತ್ತಿತ್ತು. ಹಕ್ಕಿಗಳು ಮರದಲ್ಲೇ ಇದ್ದವು. ಮನೆಯ ಹೊಸಿಲ ಮೇಲೆ ಕೂತ ಆ ತಾಯಿಗೂ, ನಮಗೂ ಸರಿಯಾಗಿ ಹೊಂದಿಸಿ ಅವ್ವನ ಕಡೆ ತಿರುಗಿದೆ.

ಅವ್ವನ ಅಂಗೈ ಮೇಲಕ್ಕೆ ಎದ್ದಿತ್ತು. ಏರಿಸು ಎಂದು.

ಒಂದು ಚೂರು ಏರಿಸಿದೆ. ಕೈ ಇಳಿಯಲಿಲ್ಲ. ಅವಳ ಮುಖ ನೋಡಿದೆ. ಕಣ್ಣು ಸಣ್ಣದು ಮಾಡಿ, ಹಾಡು ಎಲ್ಲೋ ಆಚೆ ದಡದಲ್ಲಿದೆ ಎಂಬಂತೆ ಹುಡುಕುತ್ತಿದ್ದಳು. ಆ ನೋಟ ನನಗೆ ಚೆನ್ನಾಗಿ ಗೊತ್ತು. ಒಂದು ವರ್ಷ ನನ್ನ ಮುಖದ ಮೇಲೇ ಇತ್ತು. ಮನೆಯವರೂ ನೋಡಿದರು. ಅವರು ಏನೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ಡಾಕ್ಟರು, ಪರೀಕ್ಷೆ ಎಲ್ಲ ಇದ್ದೇ ಇದೆ, ನಾಳೆಗೋ ನಾಡಿದ್ದಿಗೋ ಉಪಾಯವಾಗಿ ಕರೆದುಕೊಂಡು ಹೋದರಾಯಿತು. ನಾನು ಎದ್ದು ಹಿಂದಿನ ಸ್ಪೀಕರನ್ನು ಕೈಗೆತ್ತಿಕೊಂಡೆ. ಎಳೆಯಲು, ಬಿಡಿಸಲು ಅದಕ್ಕೆ ಯಾವ ವೈರೂ ಇರಲಿಲ್ಲ. ಮುಂದಿನದರ ಸೌಂಡು ಇಳಿಸಿ, ಇದನ್ನು ತಂದು ಅವಳ ದಿಂಬಿನ ಮೇಲೆ, ಕಿವಿಯ ಪಕ್ಕದಲ್ಲೇ ಇಟ್ಟು, ಅವಳಿಗೆ ಕಾಣುವಂತೆ ಎದುರು ನಿಂತೆ.

ಸ್ವಲ್ಪ ಹೊತ್ತು ಕೈ ಗಾಳಿಯಲ್ಲೇ ಇತ್ತು. ಆಮೇಲೆ ನಿಧಾನವಾಗಿ ಇಳಿದು, ಸೆರಗು ಹುಡುಕಿ, ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಿತು.